ಲೈಬ್ರರಿಗೆ ಹೊಸ ಮೇಡಂ ಬಂದಿದ್ದಾರೆ, ಮಾತು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗ ಜಿಲ್ಲೆಯ ವಿಶ್ವವಿದ್ಯಾಲಯವೊಂದರಲ್ಲಿ ಈ ವರ್ಷ ಇತಿಹಾಸದಲ್ಲಿ ಪಿಎಚ್‌.ಡಿ.ಗೆ ಸೇರಿದ್ದೇನೆ. 1951ರಲ್ಲಿ ನಮ್ಮ ತಾಲ್ಲೂಕಿನ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಮತ್ತು ಆಮೇಲಿನ ಗೇಣಿದಾರರ ಬದುಕು ನನ್ನ ವಿಷಯ. ನಮ್ಮ ಲೈಬ್ರರಿಯಲ್ಲಿ ಬಹಳ ಕಾಲ ಇದ್ದ ಹಿರಿಯರೊಬ್ಬರು ಈಚೆಗೆ ನಿವೃತ್ತರಾದರು. ಯಾವ ಪುಸ್ತಕ ಯಾವ ರ‍್ಯಾಕಿನಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದರಂತೆ. ಈಗ ಹೊಸ ಸಹಾಯಕ ಗ್ರಂಥಪಾಲಕಿ ಬಂದಿದ್ದಾರೆ, ಬಯಲುಸೀಮೆ ಕಡೆಯವರು. ನಮ್ಮ ಮನೆಯಲ್ಲಿ ಇಷ್ಟು ಓದಿದವಳು ನಾನೇ ಮೊದಲು. ಆಫೀಸಿನವರ ಎದುರು ನಿಂತರೆ ನನಗೆ ಮಾತೇ ಹೊರಡುವುದಿಲ್ಲ. ಅವರನ್ನು ಪರಿಚಯ ಮಾಡಿಕೊಳ್ಳುವುದು ಹೇಗೆ? ಅವರಲ್ಲಿ ಏನೇನು ಕೇಳಬಹುದು? ಫೋನ್ ನಂಬರ್ ಕೇಳಿದರೆ ತಪ್ಪಾಗುತ್ತದೆಯೇ?

ಉತ್ತರ: ಫೋನ್ ನಂಬರಿನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲ ಎರಡಕ್ಕೂ ನನ್ನ ಉತ್ತರ ಒಂದೇ. ನಿಮ್ಮ ಕಾಗೋಡನ್ನೇ ಹಿಡಿದುಕೊಂಡು ಅವರ ಹತ್ತಿರ ಹೋಗಿ. ಬರೀ ನಮಸ್ಕಾರ ಹೇಳಿ ಬರುತ್ತೇನೆಂದು ಹೊರಟರೆ, ನಮಸ್ಕಾರ ಆದಮೇಲೆ ಮುಂದೇನು ಅಂತ ನಿಮಗೂ ತೋಚುವುದಿಲ್ಲ, ಅವರಿಗೂ ತೋಚುವುದಿಲ್ಲ. ಒಂದು ಗಟ್ಟಿ ಪ್ರಶ್ನೆ ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಹೊಸದಾಗಿ ಬಂದ ಗ್ರಂಥಪಾಲಕರಿಗೆ ತಮ್ಮ ಸಂಗ್ರಹದಲ್ಲಿ ಏನಿದೆ, ಏನಿಲ್ಲ ಎಂದು ಗೊತ್ತಾಗುವುದೂ ಇಂಥ ಪ್ರಶ್ನೆ ತಂದವರಿಂದಲೇ. ಹಾಗಾಗಿ ಅವರ ಟೈಮ್ ಹಾಳು ಮಾಡುತ್ತಿದ್ದೇನೆ ಎಂಬ ಅಳುಕು ನಿಮಗೆ ಬೇಡ. ಬಹುಕಾಲ ಈ ವೃತ್ತಿಯಲ್ಲಿದ್ದು ಹೇಳುತ್ತಿದ್ದೇನೆ, ಕೌಂಟರಿನ ಈಚೆ ಕೂತವರಿಗೆ ದಿನವಿಡೀ ‘ರಿನ್ಯೂ ಮಾಡಿ’, ‘ನೋ ಡ್ಯೂಸ್ ಕೊಡಿ’ ಎನ್ನುವವರ ನಡುವೆ ವಿಷಯ ತಂದವರೊಬ್ಬರು ಬಂದರೆ ಆ ದಿನವೇ ಬೇರೆ.

ಅವರು ಯಾರು, ಅವರ ಕೆಲಸ ಏನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಲೈಬ್ರರಿಯಲ್ಲಿ ಇರುವವರೆಲ್ಲ ಪುಸ್ತಕ ಕೊಡುವವರು, ಇಸಿದುಕೊಳ್ಳುವವರು ಎಂದು ನಮ್ಮ ಎಷ್ಟೋ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕ ಹುದ್ದೆಗೆ ಗ್ರಂಥಾಲಯ ವಿಜ್ಞಾನದಲ್ಲಿ ಕನಿಷ್ಠ 55 ಪರ್ಸೆಂಟ್ ಅಂಕದ ಸ್ನಾತಕೋತ್ತರ ಪದವಿ ಬೇಕು, ಅದರ ಮೇಲೆ ನೆಟ್ ಅರ್ಹತಾ ಪರೀಕ್ಷೆ ಅಥವಾ ಅದಕ್ಕೆ ಸಮನಾದದ್ದು ಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮವಿದೆ. ನಿಮ್ಮ ವಿಭಾಗದ ಸಹಾಯಕ ಪ್ರಾಧ್ಯಾಪಕರು ದಾಟಿ ಬಂದ ಹೊಸ್ತಿಲನ್ನೇ ಅವರೂ ದಾಟಿ ಬಂದಿದ್ದಾರೆ. ಅವರಿಗೂ ಸಂಶೋಧನೆಯ ಕಷ್ಟ ಗೊತ್ತು. ಮೇಷ್ಟರ ಹತ್ತಿರ ಹೋದಾಗ ಎಷ್ಟು ಗೌರವ, ಎಷ್ಟು ಸಲಿಗೆ ಇಟ್ಟುಕೊಳ್ಳುತ್ತೀರೋ ಇಲ್ಲೂ ಅಷ್ಟೇ ಇರಲಿ. ‘ಮೇಡಂ’ ಎಂದರೆ ಸಾಕು.

ಅವರಿಗೆ ಯಾವ ಸೆಕ್ಷನ್ ವಹಿಸಿದ್ದಾರೆ ಎಂದು ಕೇಳಿ. ದೊಡ್ಡ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೌಂಟರ್ ಬೇರೆ, ಹೊಸ ಪುಸ್ತಕಕ್ಕೆ ನಂಬರ್ ಹಾಕಿ ಕಂಪ್ಯೂಟರಿಗೆ ಏರಿಸುವ ಟೆಕ್ನಿಕಲ್ ಸೆಕ್ಷನ್ ಬೇರೆ, ಪತ್ರಿಕೆ ಮತ್ತು ಹಳೆಯ ಸಂಚಿಕೆಗಳನ್ನು ಕೂಡಿಸಿ ಬೈಂಡ್ ಮಾಡಿದ ಬ್ಯಾಕ್ ವಾಲ್ಯೂಮ್‌ಗಳ ವಿಭಾಗ ಬೇರೆ, ರೆಫರೆನ್ಸ್ ಬೇರೆ, ಡಿಜಿಟಲ್ ವಿಭಾಗ ಬೇರೆ. ಅವರದು ಯಾವುದೆಂದು ಗೊತ್ತಾದರೆ ಯಾವ ಪ್ರಶ್ನೆಯನ್ನು ಅವರಲ್ಲಿ ಕೇಳಬೇಕು, ಯಾವುದಕ್ಕೆ ಪಕ್ಕದ ಟೇಬಲ್ಲಿಗೆ ಹೋಗಬೇಕು ಎಂಬುದೂ ಗೊತ್ತಾಗುತ್ತದೆ. ಅಟೆಂಡರ್‌ಗಳನ್ನು ಮರೆಯಬೇಡಿ. ದಿನಾ ಪುಸ್ತಕಗಳನ್ನು ರ‍್ಯಾಕಿಗೆ ಹಾಕುವವರು ಅವರು. ನಿವೃತ್ತರಾದ ಹಿರಿಯರ ತಲೆಯಲ್ಲಿದ್ದ ನಕ್ಷೆಯಲ್ಲಿ ಅರ್ಧ ಇವರ ಕೈಕಾಲುಗಳಲ್ಲಿ ಉಳಿದಿರುತ್ತದೆ.

ಹೊಸಬರಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡೇಟಾಬೇಸ್‌ನಲ್ಲಿ ಹುಡುಕುವ ಕ್ರಮ, ವರ್ಗೀಕರಣ, ಸಾಫ್ಟ್‌ವೇರ್, ಬೇರೆ ಊರಿನ ಲೈಬ್ರರಿಯಿಂದ ಪುಸ್ತಕ ತರಿಸುವ ದಾರಿ, ಇದೆಲ್ಲ ಅವರಿಗೆ ಚೆನ್ನಾಗಿ ಗೊತ್ತು. ಈ ಲೈಬ್ರರಿ ಗೊತ್ತಿಲ್ಲ. ಯಾರೋ ದಾನ ಕೊಟ್ಟ ಪುಸ್ತಕದ ಕಟ್ಟು ಯಾವ ಮೂಲೆಯಲ್ಲಿದೆ, ಯಾವ ಬ್ಯಾಕ್ ವಾಲ್ಯೂಮ್ ಬೈಂಡಿಂಗಿಗೆ ಹೋಗಿ ಬೇರೆ ಕಡೆ ಕೂತಿದೆ ಎಂಬುದು ಸಾಫ್ಟ್‌ವೇರಿನಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ಯಾರಾದರೂ ಕೂತು ಏರಿಸಿದ್ದು ಮಾತ್ರ. ಅದಕ್ಕೇ, ಕೇಳಿದ ಪುಸ್ತಕವನ್ನು ಅವರು ತಕ್ಷಣ ತೋರಿಸಲಿಲ್ಲ ಎಂದು ‘ಹಳೇ ಸರ್ ಇದ್ದಿದ್ದರೆ ಕಣ್ಣು ಮುಚ್ಚಿ ತೆಗೆದು ಕೊಡ್ತಿದ್ರು’ ಎಂಬ ಮಾತನ್ನು ಮಾತ್ರ ಆಡಬೇಡಿ. ಹೊಸಬರು ಬಂದಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಕೇಳಿಸಿಕೊಂಡವರಿಗೆ ಅದು ಬಹಳ ದಿನ ಚುಚ್ಚುತ್ತದೆ.

ನಮ್ಮ ವೃತ್ತಿಯ ಹಿರಿಯರಾದ ಎಸ್‌. ಆರ್‌. ರಂಗನಾಥನ್ ಅವರೂ ಒಮ್ಮೆ ಹೀಗೆ ಹೊಸಬರಾಗಿದ್ದವರೇ. ಮದರಾಸಿನಲ್ಲಿ ಗಣಿತ ಪಾಠ ಮಾಡುತ್ತಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬಂದ ಕೆಲವೇ ದಿನಕ್ಕೆ ಬೇಸರ ಬಂದು ಪಾಠಕ್ಕೇ ವಾಪಸು ಕಳಿಸಿ ಎಂದು ಕೇಳಿದ್ದರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ, ಕಲಿತು ಬಂದಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು, 1933ರಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸುವ ಕೋಲನ್ ವರ್ಗೀಕರಣವನ್ನು ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಸಂಶೋಧನೆ ಮತ್ತು ತರಬೇತಿಗೆಂದೇ ಕೇಂದ್ರ ಕಟ್ಟಿದರು. ಅವರ ನಾಲ್ಕನೆಯ ಸೂತ್ರ ‘ಓದುಗರ ಸಮಯ ಉಳಿಸಿ’ ಎನ್ನುತ್ತದೆ. ನಿಮ್ಮ ಮೇಡಂ ಪರೀಕ್ಷೆಗೆ ಇದನ್ನು ಓದಿಯೇ ಬಂದಿರುತ್ತಾರೆ. ನೀವು ಪ್ರಶ್ನೆ ಹಿಡಿದು ಹೋದರೆ ಅದನ್ನು ಕೆಲಸಕ್ಕೆ ಹಚ್ಚಲು ಅವರಿಗೊಂದು ದಾರಿಯಾಗುತ್ತದೆ.

ಈಗ ಪ್ರಶ್ನೆಯ ವಿಷಯ. ‘ಮೇಡಂ, ಕಾಗೋಡಿನ ಮೇಲೆ ಪುಸ್ತಕ ಇದೆಯಾ?’ ಎಂದು ಕೇಳಿದರೆ ಅವರು ಕಂಪ್ಯೂಟರಿನಲ್ಲಿ ಆ ಹೆಸರು ಹಾಕಿ, ಬಂದ ಎರಡು ಮೂರು ಪುಸ್ತಕ ತೋರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಒಂದು ಹಾಳೆ ಬರೆದುಕೊಂಡು ಹೋಗಿ. ನಿಮ್ಮ ವಿಷಯ ನಾಲ್ಕು ಸಾಲಿನಲ್ಲಿರಲಿ: 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಗೇಣಿದಾರರ ಹೋರಾಟ ಎದ್ದಿತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು, ಮುಂದೆ ಗೇಣಿ ಮತ್ತು ಭೂಸುಧಾರಣೆಯ ಕಾನೂನುಗಳು ಬಂದವು, ಆ ಕುಟುಂಬಗಳಿಗೆ ಏನಾಯಿತೆಂದು ನಾನು ಹುಡುಕುತ್ತಿದ್ದೇನೆ, ಅಂತ. ಅದರ ಕೆಳಗೆ ಈಗಾಗಲೇ ಓದಿರುವ ಪುಸ್ತಕ, ಲೇಖನಗಳ ಹೆಸರು. ಅದರ ಕೆಳಗೆ ಬೇಕಾಗಿರುವುದು: ಆ ಕಾಲದ ಪತ್ರಿಕೆಗಳು, ಶಾಸನಸಭೆಯ ಚರ್ಚೆ, ಸರ್ಕಾರಿ ವರದಿ, ಬೇರೆ ವಿಶ್ವವಿದ್ಯಾಲಯಗಳ ಪ್ರಬಂಧ. ಮಾತು ಹೊರಡದಿದ್ದರೂ ಚಿಂತೆಯಿಲ್ಲ. ‘ಮೇಡಂ, ನಾನು ಇತಿಹಾಸ ವಿಭಾಗದ ರಿಸರ್ಚ್ ಸ್ಕಾಲರ್. ನನ್ನ ವಿಷಯ ಇದರಲ್ಲಿ ಬರೆದಿದ್ದೇನೆ. ನಿಮಗೆ ಬಿಡುವಾದಾಗ ಒಂದು ಇಪ್ಪತ್ತು ನಿಮಿಷ ಕೊಡ್ತೀರಾ?’ ಎಂದು ಹಾಳೆ ಮುಂದಿಡಿ. ಉಳಿದದ್ದನ್ನು ಹಾಳೆಯೇ ಹೇಳುತ್ತದೆ.

ಅವರು ತಿರುಗಿ ನಿಮ್ಮನ್ನೇ ಕೇಳಲು ಶುರುಮಾಡುತ್ತಾರೆ. ಯಾವ ವರ್ಷದಿಂದ ಯಾವ ವರ್ಷದವರೆಗೆ? ಕನ್ನಡ ಮಾತ್ರವೋ, ಇಂಗ್ಲಿಷೂ ಬೇಕೋ? ಕಾನೂನಿನ ಕಡೆ ಒತ್ತೋ, ಜನಜೀವನದ ಕಡೆಯೋ? ಇದು ನಿಮ್ಮ ಪರೀಕ್ಷೆ ಎಂದು ಬೆದರಬೇಡಿ. ಓದುಗರಿಗೆ ನಿಜಕ್ಕೂ ಬೇಕಾದದ್ದು ಏನೆಂದು ಬಿಡಿಸಿಕೊಳ್ಳುವುದನ್ನು ನಮ್ಮ ಓದಿನಲ್ಲಿ ಪಾಠವಾಗಿಯೇ ಕಲಿಸುತ್ತಾರೆ. ಗೊತ್ತಿಲ್ಲದ ಕಡೆ ‘ಇನ್ನೂ ನಿರ್ಧಾರ ಮಾಡಿಲ್ಲ ಮೇಡಂ’ ಎನ್ನಿ, ಅದೂ ಅವರಿಗೆ ಉಪಯೋಗದ ಉತ್ತರ.

ಇಂಥ ವಿಷಯಕ್ಕೆ ಗ್ರಂಥಪಾಲಕರೇ ಯಾಕೆ ಬೇಕು ಎಂದರೆ, ನಿಮ್ಮ ಕಾಗೋಡು ಲೈಬ್ರರಿಯಲ್ಲಿ ಒಂದೇ ಕಡೆ ಕೂತಿಲ್ಲ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಬಳಸುವ ಲೈಬ್ರರಿಯಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿ ಇರುತ್ತದೆ, ಭೂ ಒಡೆತನ 333.3ರಲ್ಲಿ, ಸಮಾಜದ ವರ್ಗಗಳು 305.5ರಲ್ಲಿ, ರಾಜಕೀಯ ಹೋರಾಟದ ಗುಂಪುಗಳು 322.4ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ. ಅಂದರೆ ಬೇರೆ ಬೇರೆ ರ‍್ಯಾಕು, ಕೆಲವೊಮ್ಮೆ ಬೇರೆ ಮಹಡಿ. ಇತಿಹಾಸದ ರ‍್ಯಾಕಿನ ಎದುರೇ ಎಷ್ಟು ಹೊತ್ತು ನಿಂತರೂ ಗೇಣಿ ಪದ್ಧತಿಯ ಪುಸ್ತಕ ಕಣ್ಣಿಗೆ ಬೀಳುವುದಿಲ್ಲ. ಈ ನಂಬರುಗಳ ಪಟ್ಟಿಯನ್ನು ಅವರ ಹತ್ತಿರವೇ ಬರೆಸಿಕೊಳ್ಳಿ, ಮೂರು ವರ್ಷ ಕೆಲಸಕ್ಕೆ ಬರುತ್ತದೆ.

ಹುಡುಕುವಾಗ ಹೆಸರುಗಳದ್ದೇ ಇನ್ನೊಂದು ತೊಡಕು. ಇಲ್ಲಿ ಬಯಲುಸೀಮೆಯ ಮೇಡಂಗೆ ನೀವು ಸಹಾಯ ಮಾಡಬಹುದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನದೆಲ್ಲ ‘ಮೈಸೂರು’ ಹೆಸರಿನಡಿ ಇರುತ್ತದೆ. 1952ರದು ಮೈಸೂರು ಗೇಣಿ ಕಾಯ್ದೆ. 1961ರ ಭೂಸುಧಾರಣಾ ಕಾಯ್ದೆಯೂ ಮೊದಲು ಮೈಸೂರು ಹೆಸರಿನಲ್ಲೇ ಇತ್ತು. 1974ರ ತಿದ್ದುಪಡಿಯ ಹೊತ್ತಿಗೆ ಅದು ಕರ್ನಾಟಕದ್ದಾಗಿತ್ತು. ನಮ್ಮ ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಿಂದ. ಹಳೆಯ ಗೆಜೆಟಿಯರ್, ಜನಗಣತಿ ವರದಿ, ಶಾಸನ ಸಂಪುಟಗಳೆಲ್ಲ ‘ಶಿಮೊಗ’ ಎಂಬ ಸ್ಪೆಲ್ಲಿಂಗಿನಲ್ಲಿವೆ. ಹೊಸ ಸ್ಪೆಲ್ಲಿಂಗ್ ಹಾಕಿ ಹುಡುಕಿ ‘ಏನೂ ಇಲ್ಲ’ ಎಂದು ವಾಪಸು ಬಂದವರು ಎಷ್ಟೋ ಮಂದಿ. ಭೂಸುಧಾರಣೆಯ ಬಗ್ಗೆ ಬಹಳಷ್ಟು ಬರಹ ಬಂದ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಗೆ ಆ ಹೆಸರು ಬಂದದ್ದು 1966ರಲ್ಲಿ. 1951ರ ಸಂಚಿಕೆ ಬೇಕಿದ್ದರೆ ಅದಕ್ಕೂ ಹಿಂದಿನ ‘ಇಕನಾಮಿಕ್ ವೀಕ್ಲಿ’ಯನ್ನು ಕೇಳಬೇಕು. ಇವನ್ನು ಮೇಡಂ ಬಲ್ಲರು, ಅಥವಾ ಬೇಗ ಹಿಡಿಯುತ್ತಾರೆ. ಆದರೆ ಅಕ್ಕಪಕ್ಕದ ಹಳ್ಳಿಗಳ ಹೆಸರು, ನಮ್ಮ ಕಡೆಯ ದೀವರ ಸಮುದಾಯವನ್ನು ಹಳೆಯ ದಾಖಲೆಗಳಲ್ಲಿ ಹಳೇಪೈಕರು ಎಂದು ಬರೆದಿರುವುದು, ‘ಕಾಗೋಡು’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ತರಹ ಬರೆಯುವುದು, ಇವು ನಿಮಗೆ ಗೊತ್ತಿರುವ ಸಂಗತಿಗಳು. ಅನೇಕ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕಗಳ ವಿವರವನ್ನು ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುತ್ತಾರೆ, ಏರಿಸಿದವರ ಕಿವಿಗೆ ಕೇಳಿಸಿದಂತೆ. ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಒಂದೊಂದು ಸ್ಪೆಲ್ಲಿಂಗ್ ಹಾಕಿ ನೋಡಿ. ಅಡಗಿ ಕೂತಿದ್ದ ಒಂದು ಪುಸ್ತಕ ಸಿಕ್ಕರೂ ಸಾಕು, ಆಮೇಲೆ ನಿಮ್ಮಿಬ್ಬರಿಗೂ ಸಂಕೋಚ ಇರುವುದಿಲ್ಲ.

ಸಿಕ್ಕಿದ್ದನ್ನು ಅಲ್ಲೇ ಬಿಡಬೇಡಿ. ‘ಮೇಡಂ, ಈ ಪುಸ್ತಕದ ದಾಖಲೆಗೆ ಕಾಗೋಡು, ಗೇಣಿ ಅಂತ ಎರಡು ವಿಷಯ ಸೇರಿಸಬಹುದಾ?’ ಎಂದು ಕೇಳಿ. ಟೆಕ್ನಿಕಲ್ ಸೆಕ್ಷನ್ನಿಗೆ ಅದು ಸಣ್ಣ ಕೆಲಸ. ಆದರೆ ನಿವೃತ್ತರಾದ ಹಿರಿಯರ ಜೊತೆ ಹೊರಟುಹೋದದ್ದು ಇಂಥ ತಿಳಿವಳಿಕೆಯೇ, ಮತ್ತೆ ಹಾಗಾಗದಂತೆ ಅದನ್ನು ದಾಖಲೆಯಲ್ಲಿ ಇಡಿಸಬೇಕು. ಈಗ ಲೈಬ್ರರಿಗಳಲ್ಲಿ ಎಷ್ಟೋ ಜನ ಗುತ್ತಿಗೆಯ ಮೇಲೆ ಇದ್ದಾರೆ, ಒಂದು ವರ್ಷ ಇದ್ದವರು ಇನ್ನೊಂದು ವರ್ಷ ಇರುತ್ತಾರೆಂದು ಹೇಳಲಾಗದು. ಇದು ನನಗೆ ನಿಜವಾಗಿ ನೋವಿನ ವಿಷಯ.

ಹೊರಗಿನ ದಾರಿಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ವಿವರ ಅವರೇ ಕೊಡುತ್ತಾರೆ. ಬೇರೆ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗುಜರಾತಿನ ಗಾಂಧಿನಗರದಲ್ಲಿರುವ ಗ್ರಂಥಾಲಯ ಜಾಲ ಸಂಸ್ಥೆ ಇನ್‌ಫ್ಲಿಬ್‌ನೆಟ್ ಇದನ್ನು ನಡೆಸುತ್ತದೆ. ನಿಮ್ಮ ವಿಷಯದ ಮೇಲೆ ಯಾರಾದರೂ ಆಗಲೇ ಕೆಲಸ ಮಾಡಿದ್ದಾರೆಯೇ ಎಂದು ಮೊದಲು ಅಲ್ಲೇ ನೋಡಿ. 2025ರ ಜನವರಿ 1ರಿಂದ ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವ ಯೋಜನೆ ಇದು, ರಾಜ್ಯ ವಿಶ್ವವಿದ್ಯಾಲಯಗಳೂ ಅದರಲ್ಲಿ ಸೇರುತ್ತವೆ. ಹಾಸ್ಟೆಲಿನಿಂದ, ಮನೆಯಿಂದ ಅದನ್ನು ಓದುವುದು ಹೇಗೆ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲದ ಪುಸ್ತಕವನ್ನು ಬೇರೆ ಲೈಬ್ರರಿಯಿಂದ ಎರವಲು ತರಿಸುವ ವ್ಯವಸ್ಥೆಯೂ ಇರುತ್ತದೆ. ಕೆಳದಿಯ ವಸ್ತುಸಂಗ್ರಹಾಲಯ, ಬೆಂಗಳೂರಿನ ರಾಜ್ಯ ಪತ್ರಾಗಾರ ಮುಂತಾದ ಕಡೆ ಹೋಗುವಾಗ ಲೈಬ್ರರಿಯಿಂದಲೂ ಒಂದು ಪರಿಚಯ ಪತ್ರ ಬರೆಸಿಕೊಂಡರೆ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಕೃತಿಚೌರ್ಯ ತಪಾಸಣೆಯ ಮಾತನ್ನು ಮೊದಲ ವರ್ಷವೇ ಎತ್ತಿ. ಪ್ರಬಂಧ ಸಲ್ಲಿಸುವ ಹಿಂದಿನ ವಾರ ಓಡಿ ಬಂದು ಗ್ರಂಥಪಾಲಕರ ಮೇಲೆ ಒತ್ತಡ ಹಾಕುವವರೇ ಹೆಚ್ಚು. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗಿನ ಗೊತ್ತಾದ ಅವಧಿಯಲ್ಲಿ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಕನ್ನಡದಲ್ಲಿ ಬರೆಯುವುದಾದರೆ ತಪಾಸಣೆ ಹೇಗೆ ಮಾಡುತ್ತಾರೆ, ಫೈಲ್ ಯಾವ ಫಾಂಟಿನಲ್ಲಿ ಇರಬೇಕು ಎಂಬುದನ್ನು ಬರೆಯಲು ಕೂರುವ ಮೊದಲೇ ಕೇಳಿಕೊಳ್ಳಿ. ಯೂನಿಕೋಡಿನಲ್ಲೇ ಟೈಪ್ ಮಾಡುವ ಅಭ್ಯಾಸ ಇಟ್ಟುಕೊಂಡರೆ ಮುಂದೆ ಬಹಳಷ್ಟು ತಲೆನೋವು ತಪ್ಪುತ್ತದೆ.

ಕೇಳಬಾರದವು ಕೆಲವಿವೆ. ರೆಫರೆನ್ಸ್ ಪುಸ್ತಕ ಮನೆಗೆ ಕೊಡಿ, ದಂಡ ಮಾಫಿ ಮಾಡಿ, ಆ ಪುಸ್ತಕ ಬೇರೆಯವರಿಗೆ ಸಿಗದಂತೆ ಒಳಗೆ ಇಟ್ಟಿರಿ, ನಿಮ್ಮ ಲಾಗಿನ್ ಕೊಡಿ. ಪರಿಚಯವಾದ ಮೇಲೆ ಇವು ಸಣ್ಣ ಉಪಕಾರದಂತೆ ಕಾಣುತ್ತವೆ, ಆದರೆ ಲೆಕ್ಕ ಕೇಳುವ ಹೊತ್ತಿಗೆ ಉತ್ತರ ಕೊಡಬೇಕಾದವರು ಅವರು. ಹೊಸ ಕೆಲಸದಲ್ಲಿ ಇರುವವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬಾರದು.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಯಾವೂರು, ಯಾರ ಮನೆ, ಯಾರ ಪೈಕಿ ಎಂದು ಕೇಳಿ ಸುತ್ತಿ ಬಳಸಿ ಜಾತಿ ತಿಳಿದುಕೊಂಡರೇ ಪರಿಚಯ ಪೂರ್ತಿಯಾಯಿತು ಎನ್ನುವವರು ನಮ್ಮ ಕಡೆ ಇದ್ದಾರೆ. ಊರು ಕೇಳಿ, ಅಲ್ಲಿಗೆ ನಿಲ್ಲಿಸಿ. ನಿಮ್ಮ ವಿಷಯದಲ್ಲಿ ಭೂಮಿಯ ಜೊತೆ ಜಾತಿಯೂ ಹೆಣೆದುಕೊಂಡಿದೆ. ನೀವು ಯಾವ ಕಡೆಯವರು, ಅವರು ಯಾವ ಕಡೆಯವರು ಎಂಬ ಲೆಕ್ಕ ಒಮ್ಮೆ ನಡುವೆ ಬಂದರೆ ದಾಖಲೆ ಕೇಳುವುದೂ ಕಷ್ಟ, ಕೊಡುವುದೂ ಕಷ್ಟ. ಕೌಂಟರಿಗೆ ಬಂದ ಯಾರೇ ಆಗಲಿ ಅಲ್ಲಿ ಓದುಗರು ಅಷ್ಟೇ. ಲೈಬ್ರರಿಯೊಳಗೆ ಹಾಗೆ ಇರಲು ಸಿಗುವುದು ದೊಡ್ಡ ವಿಷಯ, ಅದನ್ನು ಇಬ್ಬರೂ ಕಾಪಾಡಿಕೊಳ್ಳಿ.

ಹೊತ್ತು ನೋಡಿ ಹೋಗಿ. ಬಾಗಿಲು ತೆರೆದ ಮೊದಲ ಗಂಟೆ, ಅಡ್ಮಿಷನ್ ದಿನಗಳು, ಪರೀಕ್ಷೆಯ ಹಿಂದಿನ ವಾರ, ಸ್ಟಾಕ್ ವೆರಿಫಿಕೇಶನ್, ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸಮಯ, ಇವು ಬೇಡ. ಊಟವಾದ ಮೇಲೆ ಮಧ್ಯಾಹ್ನ ಸಾಮಾನ್ಯವಾಗಿ ಬಿಡುವಿರುತ್ತದೆ. ಸ್ವೀಟ್ ಬಾಕ್ಸ್, ಹೂವು ಏನೂ ಬೇಡ. ನಿಮಗೆ ಕೊಡಬೇಕೆನಿಸಿದರೆ ಅವರಿಗೆ ಉಪಯೋಗವಾಗುವ ಊರಿನ ವಿಷಯ ಕೊಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಮಳೆ ಹಿಡಿದರೆ ಕರೆಂಟು ಎಷ್ಟು ದಿನ ಹೋಗಬಹುದು, ಬಟ್ಟೆ ಒಣಗಿಸಲು ಏನು ಮಾಡಬೇಕು. ಪುಸ್ತಕಕ್ಕೂ ಇದು ಬೇಕು. ಸೆಖೆಯ ಸೀಮೆಯಿಂದ ಬಂದವರು ಗಾಳಿಯಾಡಲೆಂದು ಜೂನ್, ಜುಲೈನಲ್ಲೂ ಕಿಟಕಿ ತೆರೆದಿಡುತ್ತಾರೆ. ಮಲೆನಾಡಿನ ಆ ತೇವದ ಗಾಳಿ ಒಳಗೆ ಬಂದರೆ ಗೋಡೆಗೆ ತಾಗಿದ ಕೆಳಗಿನ ಸಾಲಿನ ಕ್ಯಾಲಿಕೋ ಬಟ್ಟೆಯ ಬೈಂಡಿಂಗಿನ ಬೆನ್ನಿನ ಮೇಲೆ ಬೂದುಬಣ್ಣದ ಬೂಸರು ಪುಡಿಪುಡಿಯಾಗಿ ಏಳುತ್ತದೆ. ಒಂದು ಪುಸ್ತಕಕ್ಕೆ ಹಿಡಿದರೆ ಪಕ್ಕದ್ದಕ್ಕೂ ಹಬ್ಬುತ್ತದೆ. ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಬೇಕು, ಬೂಸರು ಹಿಡಿದದ್ದನ್ನು ಕೂಡಲೇ ಬೇರೆ ಇಡಬೇಕು. ಹಳೆಯ ಬ್ಯಾಕ್ ವಾಲ್ಯೂಮ್ ತೆಗೆದಾಗ ಬೂಸರು ಕಂಡರೆ ಒರೆಸಿ ಸುಮ್ಮನೆ ಹಿಂದಕ್ಕಿಡಬೇಡಿ, ಅವರಿಗೆ ಹೇಳಿ. ತಪ್ಪು ರ‍್ಯಾಕಿನಲ್ಲಿ ಕೂತ ಪುಸ್ತಕ ಕಂಡರೂ ಹೇಳಿ. ರ‍್ಯಾಕುಗಳ ನಡುವೆ ಹೆಚ್ಚು ಹೊತ್ತು ಓಡಾಡುವವರು ನೀವು, ನಿಮಗೆ ಕಂಡದ್ದು ಅವರಿಗೆ ಕಾಣುವುದು ತಡವಾಗಬಹುದು.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತಾಡದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಗೂ ಹೊಸ ಊರು, ಹೊಸ ಮೇಲಧಿಕಾರಿಗಳು. ಹಾಳೆ ಅವರ ಮೇಜಿನ ಮೇಲಿರಲಿ, ವಾರ ಬಿಟ್ಟು ಇನ್ನೊಮ್ಮೆ ಹೋಗಿ. ಅವರು ಹೇಳಿದ ಪುಸ್ತಕ ನೋಡಿದಿರಾ, ಅದರಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಹೋಗಿ ಹೇಳಿ. ಹೀಗೆ ತಿರುಗಿ ಬಂದು ಹೇಳುವವರು ಬಹಳ ಕಡಿಮೆ. ಹಾಗೆ ಹೇಳಿದವರ ವಿಷಯ ನಮ್ಮ ತಲೆಯಲ್ಲಿ ಉಳಿಯುತ್ತದೆ. ಬೇರೆ ಯಾವುದೋ ಕಟ್ಟು ಬಿಚ್ಚುವಾಗ ಸಂಬಂಧಪಟ್ಟದ್ದು ಕಂಡರೆ, ನೀವು ಕೇಳದಿದ್ದರೂ ತೆಗೆದಿಡುತ್ತೇವೆ.

ಇನ್ನು ಫೋನ್ ನಂಬರು. ಮೊದಲ ದಿನವೇ ಕೇಳಬೇಡಿ. ಲೈಬ್ರರಿಯ ಇಮೇಲ್ ವಿಳಾಸ ಕೇಳಿ, ಅದು ಸಾರ್ವಜನಿಕವಾಗಿ ಕೊಡುವಂಥದ್ದು. ಪ್ರಶ್ನೆಯನ್ನು ಅದರಲ್ಲೇ ಬರೆದು ಕಳಿಸಿದರೆ ಮಾತು ಹೊರಡದ ನಿಮ್ಮ ಕಷ್ಟಕ್ಕೂ ಅನುಕೂಲ. ಮುಂದೆ ಅವರಾಗಿಯೇ ನಂಬರು ಕೊಟ್ಟರೆ ಇಟ್ಟುಕೊಳ್ಳಿ, ಕಚೇರಿಯ ಹೊತ್ತಿನಲ್ಲಿ ಮಾತ್ರ ಮೆಸೇಜ್ ಮಾಡಿ. ಬೇರೆ ಸ್ಕಾಲರ್‌ಗಳು ಆ ನಂಬರು ಕೇಳಿದರೆ ಅವರನ್ನು ಕೇಳದೆ ಕೊಡಬೇಡಿ.